ಮಂಡಳಿಯಲ್ಲಿ ಆ ಹುಡುಗನಿಗೇನು ಕೆಲಸ?

(ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೋಲಾಪುರಗಳಲ್ಲಿ ಹಂಚಿಹೋಗಿರುವ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ಹೆಸರುಗಳ ಬದಲು ಸಂಬಂಧಗಳನ್ನಷ್ಟೇ ಬರೆದಿದ್ದೇನೆ.)

ದೊಡ್ಡ ಕಾಕಾ: (ಭಿತ್ತಿಪತ್ರದ ಚಿತ್ರ, ಹಲವು ಬಾರಿ ಫಾರ್ವರ್ಡ್ ಆದದ್ದು) ಆಟಿಸಂ ತರಬೇತಿಯನ್ನು ರೂಪಿಸುವ ಸಲಹಾ ಮಂಡಳಿಯಲ್ಲಿ ಆಟಿಸಂ ಇರುವ ಹುಡುಗನನ್ನೇ ಸದಸ್ಯನನ್ನಾಗಿ ಕೂಡಿಸಿದ್ದಾರೆ. ವೈದ್ಯರಿಗೆ ರೋಗಿಯೇ ಪಾಠ ಹೇಳುವ ಕಾಲ ಬಂತು ನೋಡಿರಿ.

ಬಾಗಲಕೋಟೆ ಅತ್ತೆ: ನಮ್ಮ ಕಾಲದಲ್ಲಿ ಹಿರಿಯರ ಮಾತು ನಡೆಯುತ್ತಿತ್ತು, ಮಕ್ಕಳು ತಾವಾಗಿಯೇ ದಾರಿಗೆ ಬರುತ್ತಿದ್ದವು. ಕೈಗೆ ಮೊಬೈಲು ಕೊಟ್ಟು, ಇಲ್ಲದ ಚುಚ್ಚುಮದ್ದು ಹಾಕಿಸಿ, ಈಗ ಮಂಡಳಿ ಮಾಡಿದರೆ ಏನು ಬಂತು?

ಬೆಳಗಾವಿ ಅಣ್ಣ: ಅತ್ತೆ, ಚುಚ್ಚುಮದ್ದಿನ ಮಾತಿಗೆ ಆಧಾರವೆಲ್ಲಿದೆ? ಚುಚ್ಚುಮದ್ದಿಗೂ ಆಟಿಸಂಗೂ ನಂಟು ಕಟ್ಟಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 1998ರಲ್ಲಿ ಬಂದ ಲೇಖನವನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು. ಕಾಕಾ, ಇಂಥ ಮಂಡಳಿಗೆ ಕಾನೂನಿನ ಆಧಾರವೇನಾದರೂ ಇದೆಯೇ ಎಂಬುದನ್ನು ನೋಡದೆ ನೀವೂ ಕಳಿಸಬಾರದಿತ್ತು.

ದೊಡ್ಡ ಕಾಕಾ: ಹೊಲದ ವಾಟಣಿ (ಪಾಲು) ಆಗುವಾಗಲೂ ನನ್ನ ಮಾತಿಗೆ ಕಾಗದ ಕೇಳಿದವನು ನೀನೇ ಅಲ್ಲವೇ?

ನಾನು: ಕಾಕಾ, ಆಟಿಸಂ ರೋಗವಲ್ಲ, ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ವ್ಯತ್ಯಾಸ; ಆ ಹುಡುಗ ರೋಗಿಯೂ ಅಲ್ಲ. ಅಣ್ಣ ಕೇಳಿದ ಆಧಾರ ಕಾನೂನಿನಲ್ಲಿಯೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದರ 66ನೆಯ ಕಲಮಿನಂತೆ ಪ್ರತಿ ರಾಜ್ಯಕ್ಕೂ ಒಂದು ಸಲಹಾ ಮಂಡಳಿ ಇರಬೇಕು. ಅದರಲ್ಲಿ ಸಂಘಸಂಸ್ಥೆಗಳ ಪರವಾಗಿ ಬರುವ 10 ಜನರು ಸಾಧ್ಯವಾದಷ್ಟು ಮಟ್ಟಿಗೆ ಸ್ವತಃ ವಿಕಲಚೇತನರೇ ಆಗಿರಬೇಕು. ಆಟಿಸಂ ಮೊದಲಾದ ವೈಕಲ್ಯ ಇರುವವರ ಹಿತಕ್ಕಾಗಿ ಬಂದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಸಮಿತಿಯಲ್ಲಿಯೂ ಜಿಲ್ಲಾಧಿಕಾರಿಯ ಪಕ್ಕದಲ್ಲಿ ಒಬ್ಬ ವಿಕಲಚೇತನ ವ್ಯಕ್ತಿಗೆ ಸ್ಥಾನವಿದೆ. ಸರ್ಕಾರವೇ ಒಪ್ಪಿದ ಪದ್ಧತಿಯನ್ನು ಒಂದು ಸಂಸ್ಥೆ ತನ್ನ ತರಬೇತಿಗೆ ಅಳವಡಿಸಿಕೊಂಡರೆ ಅದರಲ್ಲಿ ನಗುವಂಥದ್ದೇನಿದೆ?

ಬೆಳಗಾವಿ ಅಣ್ಣ: ಸ್ಥಾನವಿದೆ ಎಂಬುದು ಸರಿ. ಆದರೆ ಮಂಡಳಿಯ ಸಲಹೆಯನ್ನು ಪಾಲಿಸಲೇಬೇಕೆಂದು ಯಾರಿಗೂ ಕಟ್ಟುಪಾಡಿಲ್ಲ. ಚಹಾ ಕುಡಿದು, ಸಹಿ ಹಾಕಿ ಎದ್ದುಹೋಗುವ ಮಂಡಳಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಾನು: ಇದು ಕೇಳಲೇಬೇಕಾದ ಪ್ರಶ್ನೆ. ಮಂಡಳಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲದ ಕಾರಣಕ್ಕೇ ಸಭೆಯ ನಡಾವಳಿಯನ್ನು ಬರೆದಿಡಬೇಕು, ಯಾವ ಸಲಹೆಯನ್ನು ಕೈಬಿಟ್ಟರು, ಏಕೆ ಕೈಬಿಟ್ಟರು ಎಂಬುದಕ್ಕೆ ಸಂಸ್ಥೆಯವರು ಮುಂದಿನ ಸಭೆಯಲ್ಲಿ ಲಿಖಿತ ಉತ್ತರ ಕೊಡಬೇಕು. ಚುಚ್ಚುಮದ್ದಿನಂಥ ಸುಳ್ಳು ಪಾಠದೊಳಗೆ ನುಸುಳದಂತೆ ಕಾಯಲು ವೈದ್ಯರು ಬೇಕೇ ಬೇಕು. ಆದರೆ ಮಗುವಿನ ಗದ್ದ ಹಿಡಿದೆತ್ತಿ ‘ನನ್ನ ಕಣ್ಣು ನೋಡಿ ಮಾತಾಡು’ ಎನ್ನುವ ಶಿಕ್ಷಕಿಗೆ, ಹಾಗೆ ನೋಡಬೇಕಾದಾಗ ಕಿವಿಗೆ ಬಿದ್ದ ಮಾತು ತಲೆಗೆ ಹತ್ತುವುದಿಲ್ಲ ಎಂದು ತಿಳಿಸಿಹೇಳಬಲ್ಲವನು ಅದನ್ನು ಅನುಭವಿಸಿದವನೇ. ನನ್ನ ಮಗನಿಗೆ ಕೊಟ್ಟ ಚಿತ್ರಕಾರ್ಡುಗಳಲ್ಲಿ ಬ್ರೆಡ್ಡು, ನೂಡಲ್ಸುಗಳಿದ್ದವು. ಅವನು ದಿನಾ ಉಣ್ಣುವ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳಿರಲಿಲ್ಲ. ಮಾತು ಬಾರದ ಮಗು ಹಸಿವಾದಾಗ ಯಾವ ಕಾರ್ಡನ್ನು ತೋರಿಸಬೇಕು? ಬಿಳಿಜೋಳದ ಸುಗ್ಗಿಯಲ್ಲಿ ತರಬೇತಿ ಇಟ್ಟರೆ ಹಳ್ಳಿಯ ತಾಯಂದಿರು ಬರಲಾರರು ಎಂಬುದನ್ನು ದಿನಾಂಕ ಗೊತ್ತುಪಡಿಸುವ ಮೊದಲೇ ಹೇಳಲು ಒಬ್ಬ ತಾಯಿಯಾದರೂ ಅಲ್ಲಿರಬೇಕು.

ಸೋಲಾಪುರದ ತಮ್ಮ: ಸುಗ್ಗಿ ಅಂದಕೂಡಲೇ ನನಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ನೆನಪಾಯಿತು, ಅಕ್ಕ. ಮಾಳಿಗೆಯ ಮೇಲೆ ಸಾಲಾಗಿ ಕೂತು ಮದ್ದು ಸುಡುವುದನ್ನು ನೋಡುತ್ತಿದ್ದೆವು, ಅಜ್ಜಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೊಡುತ್ತಿದ್ದಳು. ಈಗ ಜಾತ್ರೆಗೆ ಯಾರೂ ಕೂಡುವುದೇ ಇಲ್ಲ.

ಬಾಗಲಕೋಟೆ ಅತ್ತೆ: ನಾವೆಲ್ಲ ಕೂಡಿದ್ದೆವು. ಊರಲ್ಲೇ ಇದ್ದೂ ಬಾರದವಳು ನಿನ್ನ ಅಕ್ಕ. ಮಗನನ್ನು ಮನೆಯಲ್ಲಿ ಮುಚ್ಚಿಟ್ಟರೆ ಅವನು ನಾಲ್ಕು ಜನರ ನಡುವೆ ಬಾಳುವುದನ್ನು ಕಲಿಯುವುದಾದರೂ ಹೇಗೆ?

ನಾನು: ಮುಚ್ಚಿಡಲಿಲ್ಲ, ಅತ್ತೆ. ಅದರ ಹಿಂದಿನ ಜಾತ್ರೆಯಲ್ಲಿ ಮದ್ದಿನ ಶಬ್ದಕ್ಕೆ ಅವನು ಎರಡೂ ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿದಾಗ, ‘ಎರಡು ಏಟು ಹಾಕು, ಹೊರಗೆ ಬರುತ್ತಾನೆ’ ಎಂದವರು ನಮ್ಮ ಬಳಗದವರೇ. ಹಾಗಾಗಿಯೇ ತರಬೇತಿಯ ಒಂದು ದೊಡ್ಡ ಪಾಲು ಬಂಧುಗಳಿಗೆ, ಬಸ್ಸಿನ ಕಂಡಕ್ಟರಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಜಾತ್ರೆಯ ಸ್ವಯಂಸೇವಕರಿಗೆ ಸಿಗಬೇಕು ಎನ್ನುತ್ತೇನೆ. ಮದ್ದು ಸುಡುವ ವೇಳೆಯನ್ನು ಮೊದಲೇ ತಿಳಿಸಿ, ಗದ್ದಲದಿಂದ ದೂರ ಒಂದು ಕೋಣೆ ತೆರೆದಿಟ್ಟರೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅವನೂ ನಂದಿಧ್ವಜದ ಮೆರವಣಿಗೆಯನ್ನು ನೋಡಬಲ್ಲ. ಇದಕ್ಕೆ ಬೇಕಾದ ಖರ್ಚು ತೀರ ಸಣ್ಣದು. ಬೇಕೆಂದು ಕೇಳುವವರು ಯೋಜನೆ ಹಾಕುವ ಜಾಗದಲ್ಲಿ ಇದುವರೆಗೆ ಇರಲಿಲ್ಲ.

ದೊಡ್ಡ ಕಾಕಾ: ಏಟು ಹಾಕೆಂದವನು ನಾನಲ್ಲ.

ಬಾಗಲಕೋಟೆ ಅತ್ತೆ: ಅಂದವರು ಯಾರೆಂದು ಎಲ್ಲರಿಗೂ ಗೊತ್ತಿದೆ. ಮನೆಯ ಮಾತನ್ನು ಗುಂಪಿನಲ್ಲಿ ಬರೆಯುವ ಅಗತ್ಯವಿರಲಿಲ್ಲ.

ನಾನು: ಅಗತ್ಯವಿತ್ತು, ಅತ್ತೆ. ಮುಂದಿನ ಜಾತ್ರೆಗೆ ಅವನನ್ನು ಕರೆದುಕೊಂಡು ಬರಬೇಕೆಂದಿದ್ದೇನೆ. ಕಾಕಾ ಕಳಿಸಿದ ಭಿತ್ತಿಪತ್ರದಲ್ಲಿಯೇ ಮಂಡಳಿಗೆ ಪಾಲಕರು ಬೇಕಾಗಿದ್ದಾರೆ ಎಂದು ಬರೆದಿದೆ, ನಾನು ಈಗಷ್ಟೇ ಅರ್ಜಿ ಹಾಕಿದೆ.

ದೊಡ್ಡ ಕಾಕಾ: ಪಾಲಕರು ಬೇಕೆಂದು ಅದರಲ್ಲಿ ಎಲ್ಲಿದೆ?

ಬೆಳಗಾವಿ ಅಣ್ಣ: ಕೆಳಗಿನಿಂದ ಎರಡನೆಯ ಸಾಲಿನಲ್ಲಿದೆ, ಕಾಕಾ. ಮನೆಯ ಹಿರಿಯರೂ ಅರ್ಜಿ ಹಾಕಬಹುದು ಎಂದು ಅದರ ಕೆಳಗೆ ಬರೆದಿದ್ದಾರೆ.