‘ಇಕು’ ಒಂದೇ ಕ್ರಿಯಾಪದ, ಇಷ್ಟೊಂದು ರೂಪ: ಹೇಗೆ ಹಿಡಿತಕ್ಕೆ ತರೋದು?

ಪ್ರಶ್ನೆ: ಮೇಡಂ, ನಮಸ್ಕಾರ. ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯ ಮೊದಲ ಹಂತ ಎನ್5ಗೆ ಓದ್ತಾ ಇದ್ದೀನಿ. ‘ಇಕು’ (ಹೋಗು) ಅನ್ನೋ ಒಂದೇ ಕ್ರಿಯಾಪದಕ್ಕೆ ಇಕಿಮಸು, ಇಕನೈ, ಇತ್ತೆ, ಇಕೆಬ, ಇಕೋ ಅಂತ ಹತ್ತಾರು ರೂಪಗಳಿವೆ. ಪಟ್ಟಿ ಬಾಯಿಪಾಠ ಆಗಿದೆ, ಆದರೆ ಮಾತಾಡುವಾಗ ಬಾಯಿಗೆ ಬರಲ್ಲ. ಇನ್ನೊಂದು ಸಂದೇಹ: ‘ಕಕು’ (ಬರೆ) ಹೋಗಿ ‘ಕೈತೆ’ ಆಗುತ್ತೆ, ಹಾಗಾದರೆ ‘ಇಕು’ ಯಾಕೆ ‘ಈತೆ’ ಆಗದೆ ‘ಇತ್ತೆ’ ಆಗುತ್ತೆ?

ಉತ್ತರ (ಜಪಾನಿ ಭಾಷಾ ಶಿಕ್ಷಕಿ): ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಕನ್ನಡದ ಕಾಗುಣಿತ ಬರುತ್ತಲ್ಲ, ಮುಕ್ಕಾಲು ಕೆಲಸ ಅದರಲ್ಲೇ ಆಗುತ್ತೆ. ಇಕು ‘ಗೊದನ್’ ಗುಂಪಿನ ಕ್ರಿಯಾಪದ. ಗೊ ಅಂದರೆ ಐದು, ದನ್ ಅಂದರೆ ಮೆಟ್ಟಿಲು. ಆ ಐದು ಮೆಟ್ಟಿಲುಗಳೇ ಅ, ಇ, ಉ, ಎ, ಒ. ಜಪಾನಿ ಅಕ್ಷರಗಳನ್ನು ಈ ಕ್ರಮದಲ್ಲಿ ಜೋಡಿಸಿದ್ದರ ಹಿಂದೆ ಅಲ್ಲಿನ ಬೌದ್ಧ ವಿದ್ವಾಂಸರು ಸಂಸ್ಕೃತಕ್ಕಾಗಿ ಸಿದ್ಧಂ ಲಿಪಿ ಕಲಿತ ಪ್ರಭಾವವಿದೆ. ಅದಕ್ಕೇ ನಮ್ಮ ಕಿವಿಗೆ ಅದು ಹೊಸದು ಅನ್ನಿಸಲ್ಲ.

‘ಇ’ ಅನ್ನು ಹಾಗೇ ಬಿಟ್ಟು, ಅದರ ಮುಂದಿನ ಅಕ್ಷರವನ್ನು ಕ, ಕಿ, ಕು, ಕೆ, ಕೋ ಅಂತ ಓಡಿಸಿ.

ಇಕ: ಇದರ ಮೇಲೆ ನಿಷೇಧ ಕೂರುತ್ತೆ. ಇಕನೈ (ಹೋಗಲ್ಲ), ಇಕನಕತ್ತ (ಹೋಗಲಿಲ್ಲ). ಮುಂದಿನ ಹಂತ ಎನ್4ರಲ್ಲಿ ಬರುವ ಇಕಸೆರು (ಹೋಗುವಂತೆ ಮಾಡು, ಹೋಗಲು ಬಿಡು) ಕೂಡ ಇಲ್ಲಿಂದಲೇ.

ಇಕಿ: ಮರ್ಯಾದೆಯ ಮಾತು, ಆಸೆಯ ಮಾತು. ಇಕಿಮಸು, ಇಕಿಮಸೆನ್, ಇಕಿಮಶಿತ, ಇಕಿಮಶೋ (ಹೋಗೋಣ). ಇಕಿತೈ (ಹೋಗಬೇಕು ಅನ್ನಿಸ್ತಿದೆ), ಇಕಿತಕುನೈ (ಹೋಗೋ ಮನಸ್ಸಿಲ್ಲ). ಬರೆಯುವಾಗ ‘ಮಸು’, ಆಡುವಾಗ ‘ಮಸ್’.

ಇಕು: ನಿಘಂಟಿನ ರೂಪ. ನಾಮಪದದ ಹಿಂದೆಯೂ ಇದೇ ಬರುತ್ತೆ. ಇಕು ಹಿತೊ ಅಂದರೆ ಹೋಗುವವರು, ಇಕು ಮಎ ನಿ ಅಂದರೆ ಹೋಗುವ ಮುಂಚೆ.

ಇಕೆ: ಇದೊಂದೇ ನಿಂತರೆ ‘ಹೋಗು!’ ಅನ್ನೋ ಒರಟು ಆಜ್ಞೆ, ನೀವಾಗಿ ಬಳಸಬೇಡಿ. ಇಕೆಬ (ಹೋದರೆ), ಇಕೆರು (ಹೋಗೋಕಾಗುತ್ತೆ).

ಇಕೋ: ಆಪ್ತರ ಜೊತೆ ‘ಹೋಗೋಣ’. ಇಕೋ ತೊ ಒಮೊಉ ಅಂದರೆ ಹೋಗೋಣ ಅಂದುಕೊಂಡಿದ್ದೀನಿ. ಇಲ್ಲಿ ಓ ದೀರ್ಘ, ಕಡ್ಡಾಯವಾಗಿ. ಎ-ಏ, ಒ-ಓ ಭೇದ ಕನ್ನಡ ಲಿಪಿಯಲ್ಲೇ ಇದೆ, ಆದ್ದರಿಂದ ರೋಮನ್ ಅಕ್ಷರಕ್ಕಿಂತ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡರೆ ಉಚ್ಚಾರಣೆ ಕೆಡಲ್ಲ. ಹಿರಗನ (ಜಪಾನಿಯ ಮೂಲ ಅಕ್ಷರಮಾಲೆ) ಕೈಗೆ ಹತ್ತುವವರೆಗೆ ಮಾತ್ರ, ಆಮೇಲೆ ಇದನ್ನೂ ಬಿಟ್ಟುಬಿಡಿ.

ಈಗ ‘ಇತ್ತೆ’ (ಹೋಗಿ) ವಿಷಯ, ಇದನ್ನು ‘ತೆ ರೂಪ’ ಅಂತಾರೆ. ‘ಕು’ದಿಂದ ಮುಗಿಯುವ ಕ್ರಿಯಾಪದಗಳಲ್ಲಿ ‘ಕು’ ಬಿದ್ದು ‘ಇತೆ’ ಬರೋದು ನಿಯಮ: ಕಕು–ಕೈತೆ, ಅರುಕು–ಅರುಇತೆ (ನಡೆದು), ಕಿಕು–ಕೀತೆ (ಕೇಳಿ). ಇಕು ಮಾತ್ರ ಬೇರೆ ದಾರಿ ಹಿಡಿದಿದೆ. ಮೂಲದ ‘ಇಕಿ + ತೆ’ಯಲ್ಲಿ ‘ಕಿ’ ಸವೆದು ಮುಂದಿನ ‘ತ’ ಇಮ್ಮಡಿಯಾಯಿತು. ಕನ್ನಡದಲ್ಲೂ ನೋಡಿ: ಕೂಗು–ಕೂಗಿದ, ಸಾಗು–ಸಾಗಿದ, ಆದರೆ ಹೋಗು–ಹೋದ. ‘ಹೋಗಿದ’ ಅಂತ ಯಾರೂ ಅನ್ನಲ್ಲ. ದಿನಕ್ಕೆ ನೂರು ಸಲ ಬಾಯಲ್ಲಿ ಓಡಾಡುವ ಕ್ರಿಯಾಪದಗಳು ಹೀಗೆ ಸವೆಯುತ್ತವೆ. ಸಮಾಧಾನದ ಸಂಗತಿ ಏನಂದರೆ, ಇಕು ತಪ್ಪಿ ನಡೆಯೋದು ಈ ಒಂದೇ ಜಾಗದಲ್ಲಿ. ಇತ್ತೆ, ಇತ್ತ (ಹೋದೆ), ಇತ್ತರ (ಹೋದರೆ), ಇತ್ತರಿ, ನಾಲ್ಕಕ್ಕೂ ಬುಡ ಒಂದೇ. ಉಳಿದದ್ದೆಲ್ಲ ಕಾಗುಣಿತದ ಪ್ರಕಾರವೇ.

ಇಲ್ಲಿ ಒತ್ತಕ್ಷರದ ಮೇಲೆ ಒಂದು ಮಾತ್ರೆ ತಡೆದು ಹೇಳಬೇಕು. ತಡೆಯದೆ ‘ಇತೆ’ ಅಂದರೆ ಅದು ಇನ್ನೊಂದು ಕ್ರಿಯಾಪದ, ‘ಇರು’ (ಇರೋದು). ‘ಇತೆ ಕುದಸೈ’ ಅಂದರೆ ‘ಇಲ್ಲೇ ಇರಿ’, ‘ಇತ್ತೆ ಕುದಸೈ’ ಅಂದರೆ ‘ಹೋಗಿ’. ಅರ್ಥ ಪೂರ್ತಿ ತಿರುಗಾಮುರುಗಾ. ‘ಇಉ’ (ಹೇಳು) ಕೂಡ ‘ಇತ್ತೆ’ಯೇ ಆಗುತ್ತೆ, ಅದನ್ನು ಉಚ್ಚಾರಣೆಯಿಂದ ಬೇರೆ ಮಾಡೋಕಾಗಲ್ಲ. ಹಿಂದಿನ ಪ್ರತ್ಯಯ ನೋಡಬೇಕು: ‘ತೊ ಇತ್ತ’ ಅಂದರೆ ‘ಅಂತ ಹೇಳಿದರು’, ಜಾಗದ ಹೆಸರಿನ ಮೇಲೆ ‘ನಿ ಇತ್ತ’ ಬಂದರೆ ‘ಅಲ್ಲಿಗೆ ಹೋದರು’.

ಪ್ರಶ್ನೆ (ಇನ್ನೊಬ್ಬರು): ಮೇಡಂ, ಇಲ್ಲೇ ಕೇಳಿಬಿಡ್ತೀನಿ. ಬಿಡದಿ ಕಡೆ ಕಂಪನಿಯಲ್ಲಿ ಕೆಲಸ, ಜಪಾನಿನವರ ಜೊತೆ ಫೋನ್ ಮಾತು ಇರುತ್ತೆ. ‘ಬರ್ತಾ ಇದ್ದೀನಿ, ದಾರಿಯಲ್ಲಿದ್ದೀನಿ’ ಅನ್ನೋಕೆ ‘ಇಮ ಇತ್ತೆ ಇಮಸು’ ಸರಿನಾ? ಅಥವಾ ‘ಕಿತೆ ಇಮಸು’ ಅನ್ನಬೇಕಾ?

ಉತ್ತರ (ಶಿಕ್ಷಕಿ): ಎರಡೂ ಬೇಡ. ಇಂಗ್ಲಿಷ್ ಮೂಲಕ ಕಲಿತವರೆಲ್ಲ ‘ತೆ ಇಮಸು’ ಅಂದರೆ ನಡೀತಿರೋ ಕೆಲಸ ಅಂತ ಹಿಡಿದುಕೊಂಡಿರುತ್ತಾರೆ. ತಿನ್ನು, ಓದು ಥರದ ಕ್ರಿಯಾಪದಕ್ಕೆ ಅದು ಹೊಂದುತ್ತೆ. ಇಕು ಜೊತೆ ಹೊಂದಲ್ಲ. ಕನ್ನಡದಿಂದ ನೇರವಾಗಿ ನೋಡಿ: ಇತ್ತೆ = ಹೋಗಿ, ಇಮಸು = ಇದ್ದಾರೆ. ಹೋಗಿ + ಇದ್ದಾರೆ = ಹೋಗಿದ್ದಾರೆ. ‘ತನಕ-ಸನ್ ವ ಓಸಕ ನಿ ಇತ್ತೆ ಇಮಸು’ ಅಂದರೆ ತನಕ ಅವರು ಓಸಾಕಾಗೆ ಹೋಗಿದ್ದಾರೆ, ಇನ್ನೂ ಅಲ್ಲೇ ಇದ್ದಾರೆ. ದಿನಾ ಹೋಗುವ ರೂಢಿಗೂ ಇದೇ ರೂಪ ನಡೆಯುತ್ತೆ, ಹಿಂದೆ ‘ಮೈನಿಚಿ’ (ಪ್ರತಿದಿನ) ಥರದ ಪದ ಸೇರಿಸಿದರೆ ಆಯಿತು.

ದಾರಿಯಲ್ಲಿದ್ದರೆ ‘ಇಮ ಮುಕತ್ತೆ ಇಮಸು’ ಅನ್ನಿ, ಆ ಕಡೆಗೇ ಬರ್ತಾ ಇದ್ದೀನಿ ಅಂತ. ಇನ್ನೂ ಹೊರಟಿಲ್ಲದಿದ್ದರೆ ‘ಕೊರೆ ಕರ ಇಕಿಮಸು’.

‘ಕುರು’ (ಬರು) ವಿಚಾರ ಕನ್ನಡಿಗರು ಖಂಡಿತ ಗಮನಿಸಬೇಕಾದದ್ದು. ನಾವು ಎದುರಿನವರ ಜಾಗದಿಂದ ನೋಡಿ ‘ನಿಮ್ಮನೆಗೆ ಬರ್ತೀನಿ’ ಅಂತೀವಿ. ಜಪಾನಿಯಲ್ಲಿ ಆಡುವವರು ನಿಂತ ಜಾಗವೇ ಲೆಕ್ಕ. ನೀವು ಇರುವ ಕಡೆಯಿಂದ ದೂರ ಸಾಗೋದಾದರೆ ಅದು ಇಕು. ಯಾರಾದರೂ ಪಕ್ಕದ ಕೋಣೆಯಿಂದ ಕರೆದಾಗ ನಾವು ‘ಬಂದೆ’ ಅನ್ನುವ ಜಾಗದಲ್ಲಿ ಅವರು ‘ಇಮ ಇಕಿಮಸು’ ಅಂತಾರೆ. ‘ಕಿಮಸು’ ಅಂದರೆ ಕೇಳುವವರಿಗೆ ಗೊಂದಲ.

ಉತ್ತರ (ಜಪಾನಿ–ಕನ್ನಡ ಅನುವಾದಕರು): ಮೇಡಂ ಹೇಳಿದ ಹೋಗಿ + ಇದ್ದಾರೆ ಲೆಕ್ಕವನ್ನು ಇನ್ನಷ್ಟು ಮುಂದಕ್ಕೆ ತಗೊಂಡು ಹೋಗಬಹುದು. ಇತ್ತೆ ಮಿರು: ಹೋಗಿ ನೋಡು. ಇತ್ತೆ ಶಿಮಉ: ಹೋಗಿಬಿಡು. ಮನೆ ಬಿಡುವಾಗ ಹೇಳುವ ‘ಇತ್ತೆ ಕಿಮಸು’ ಅಕ್ಷರಶಃ ನಮ್ಮ ‘ಹೋಗಿ ಬರ್ತೀನಿ’. ಇತ್ತರ ಕಟ್ಟಿರುವುದೂ ನಮ್ಮ ‘ಹೋದರೆ’ ಹಾಗೆಯೇ, ಭೂತಕಾಲದ ರೂಪದ ಮೇಲೆ: ಇತ್ತ + ರ, ಹೋದ + ರೆ. ‘ಇಕನಕೆರೆಬ ನರಿಮಸೆನ್’ ನೋಡಿ ಹೆದರುವವರು ಬಹಳ. ನರು ಅಂದರೆ ಆಗು. ಬಿಡಿಸಿದರೆ ‘ಹೋಗದಿದ್ದರೆ ಆಗಲ್ಲ’, ಅಂದರೆ ಹೋಗಲೇಬೇಕು. ಇಂಗ್ಲಿಷಿನಲ್ಲಿ ಇದನ್ನು ವಿವರಿಸೋಕೆ ಅರ್ಧ ಪುಟ ಬೇಕು, ಕನ್ನಡದಲ್ಲಿ ಎರಡೇ ಪದ ಸಾಕು.

ಹೋಲಿಕೆ ಕೈಕೊಡುವ ಜಾಗವೂ ಇದೆ. ನಮ್ಮ ‘ಹೋಗದೆ’ಗೆ ಅಲ್ಲಿ ಎರಡು ರೂಪಗಳು. ‘ಇಕನೈದೆ’ ಅಂದರೆ ಹೋಗುವುದನ್ನು ಬಿಟ್ಟು, ಹೋಗದೇ: ಆಫೀಸಿಗೆ ಹೋಗದೆ ಮನೆಯಲ್ಲಿ ಕೆಲಸ ಮಾಡಿದೆ ಅನ್ನುವಾಗ. ‘ಇಕನೈದೆ ಕುದಸೈ’ (ದಯವಿಟ್ಟು ಹೋಗಬೇಡಿ) ಕೂಡ ಇದರಲ್ಲೇ. ‘ಇಕನಕುತೆ’ ಕಾರಣ ಹೇಳುವಾಗ ಬರುತ್ತೆ, ಹೋಗದೇ ಇದ್ದದ್ದರಿಂದ ಅಂತ. ‘ಇಕನಕುತೆ ಮೊ ಈ’ ಅಂದರೆ ಹೋಗದಿದ್ದರೂ ಪರವಾಗಿಲ್ಲ. ಇವೆರಡನ್ನು ವಾಕ್ಯದ ಸಮೇತ ಕಲಿಯಿರಿ, ಬಿಡಿಯಾಗಿ ಕಲಿತರೆ ಅದಲುಬದಲಾಗುತ್ತೆ.

ಪ್ರಶ್ನೆ: ಇಕೆರು, ಇಕರೆರು ಎರಡಕ್ಕೂ ‘ಹೋಗೋಕಾಗುತ್ತೆ’ ಅಂತ ಒಂದು ಹಳೇ ನೋಟ್ಸ್‌ನಲ್ಲಿದೆ. ಯಾವುದು ಸರಿ?

ಉತ್ತರ (ಶಿಕ್ಷಕಿ): ಈಗಿನ ಭಾಷೆಯಲ್ಲಿ ‘ಹೋಗೋಕಾಗುತ್ತೆ’ಗೆ ಇಕೆರು. ಇಕರೆರು ಆ ಅರ್ಥದಲ್ಲಿ ಹಳೆಯ ಬರವಣಿಗೆಯಲ್ಲಿ ಕಾಣುತ್ತೆ. ಇವತ್ತು ಅದು ಕರ್ಮಣಿ ಪ್ರಯೋಗಕ್ಕೆ, ಇಲ್ಲವೇ ಗೌರವಕ್ಕೆ. ‘ದೊಚಿರ ಎ ಇಕರೆಮಸು ಕ’ ಅಂದರೆ ಎಲ್ಲಿಗೆ ಹೋಗ್ತೀರಿ ಅಂತ ಹಿರಿಯರನ್ನು ಕೇಳಿದ ಹಾಗೆ. ಇನ್ನೂ ಹೆಚ್ಚು ಮರ್ಯಾದೆ ಬೇಕಾದಾಗ ಇಕು ಬಿಟ್ಟು ‘ಇರಸ್ಶರು’ ಬಳಸುತ್ತಾರೆ. ಅದರ ಮಸು ರೂಪ ‘ಇರಸ್ಶೈಮಸು’, ‘ಇರಸ್ಶರಿಮಸು’ ಅಲ್ಲ. ನಿಮ್ಮ ಬಗ್ಗೆಯೇ ವಿನಯದಿಂದ ಹೇಳುವಾಗ ‘ಮೈರಿಮಸು’.

ಇಕೆರು ಒಂದು ಸಲ ಹುಟ್ಟಿತು ಅಂದರೆ ಅದು ಇನ್ನು ಐದು ಮೆಟ್ಟಿಲಿನದ್ದಲ್ಲ, ಇಚಿದನ್ (ಒಂದೇ ಮೆಟ್ಟಿಲಿನ) ಗುಂಪಿಗೆ ಸೇರಿತು. ‘ರು’ ಕಿತ್ತು ಹಾಕಿ ಪ್ರತ್ಯಯ ಅಂಟಿಸಿ: ಇಕೆಮಸು, ಇಕೆನೈ, ಇಕೆತ. ‘ಇಕೆರಿಮಸು’, ‘ಇಕೆರನೈ’ ಅಂತ ಬರೆಯುವವರು ಈ ಬದಲಾವಣೆ ಮರೆತಿರುತ್ತಾರೆ. ‘ಇಕೆನೈ’ಗೆ ಎರಡು ಉಪಯೋಗ, ಅದನ್ನೂ ನೆನಪಿಡಿ. ‘ಅಶಿತ ವ ಇಕೆನೈ’ ಅಂದರೆ ನಾಳೆ ಹೋಗೋಕಾಗಲ್ಲ. ‘ಇತ್ತೆ ವ ಇಕೆನೈ’ ಅಂದರೆ ಹೋಗಬಾರದು.

ಆಫೀಸಿನವರಿಗೆ ತುಂಬ ಉಪಯೋಗಕ್ಕೆ ಬರುವ ಇನ್ನೊಂದು: ‘ಇಕಸೆತೆ ಕುದಸೈ’, ನನಗೆ ಹೋಗಲು ಅವಕಾಶ ಕೊಡಿ. ‘ಇಕಿತೈ ದೆಸ್’ ಅನ್ನುವುದಕ್ಕಿಂತ ಇದು ಮೇಲಧಿಕಾರಿಯ ಮುಂದೆ ಚೆನ್ನ.

ಪ್ರಶ್ನೆ (ಮೊದಲು ಕೇಳಿದವರು): ತುಂಬ ಥ್ಯಾಂಕ್ಸ್ ಮೇಡಂ. ಅಭ್ಯಾಸ ಹೇಗೆ ಮಾಡಲಿ? ನಾಲ್ಕು ವಾಕ್ಯ ಬರೆದಿದ್ದೀನಿ, ತಿದ್ದಿ: ‘ಅಶಿತ ಇಕಿಮಸು. ಕಿನೋ ಇಕನೈ ದೆಶಿತ. ನಿಹೊನ್ ನಿ ಇಕುತೈ ದೆಸ್. ತೊಮೊದಚಿ ತೊ ಇತ್ತ.’

ಉತ್ತರ (ಶಿಕ್ಷಕಿ): ಮೊದಲನೆಯದು, ಕೊನೆಯದು ಸರಿ. ಕೊನೆಯದರ ‘ತೊ’ ಅಂದರೆ ‘ಜೊತೆ’, ಗೆಳೆಯರ ಜೊತೆ ಹೋದೆ ಅಂತ; ಹಿಂದೆ ಹೇಳಿದ ‘ಅಂತ ಹೇಳಿದರು’ ಅನ್ನೋ ‘ತೊ’ ಅಲ್ಲ. ಮೂರನೆಯದರಲ್ಲಿ ಮೆಟ್ಟಿಲು ತಪ್ಪಿದೆ. ‘ತೈ’ ಕೂರೋದು ‘ಕಿ’ ಮೇಲೆ, ಇಕಿತೈ. ಎರಡನೆಯದು (ನಿನ್ನೆ ಹೋಗಲಿಲ್ಲ) ತುಂಬ ಜನ ಮಾಡುವ ತಪ್ಪು, ಮರ್ಯಾದೆಗೆ ಸೇರಿಸುವ ‘ದೆಸ್’ ಅನ್ನು ‘ದೆಶಿತ’ ಮಾಡಿ ಭೂತಕಾಲ ತರೋಕೆ ಹೊರಡುತ್ತಾರೆ. ಭೂತಕಾಲ ‘ನೈ’ ಒಳಗೇ ಆಗಬೇಕು: ‘ಇಕನಕತ್ತ ದೆಸ್’. ಅಥವಾ ಮಸು ದಾರಿಯಲ್ಲಿ ಹೋದರೆ ‘ಇಕಿಮಸೆನ್ ದೆಶಿತ’, ಪರೀಕ್ಷೆಗೂ ಆಫೀಸಿಗೂ ಇದು ಹೆಚ್ಚು ಅಚ್ಚುಕಟ್ಟು.

ಅಭ್ಯಾಸಕ್ಕೆ ಮೊದಲ ವಾರ ಎಂಟೇ ರೂಪ ಸಾಕು: ಹೋಗುತ್ತೆ, ಹೋಗಲ್ಲ, ಹೋಯಿತು, ಹೋಗಲಿಲ್ಲ, ಇವು ಮಸು ಶೈಲಿಯಲ್ಲಿ ನಾಲ್ಕು, ಸಾದಾ ಶೈಲಿಯಲ್ಲಿ ನಾಲ್ಕು. ಕನ್ನಡ ವಾಕ್ಯ ನೋಡಿ ಜಪಾನಿಯಲ್ಲಿ ಗಟ್ಟಿಯಾಗಿ ಹೇಳಿ. ಜೆಎಲ್‌ಪಿಟಿಯಲ್ಲಿ ಸರಿಯುತ್ತರ ಆರಿಸೋದಷ್ಟೇ, ಮಾತಿನ ಪರೀಕ್ಷೆ ಇಲ್ಲ, ಹಾಗಾಗಿ ಬಾಯಿಯ ಅಭ್ಯಾಸ ನೀವೇ ಮಾಡಿಕೊಳ್ಳಬೇಕು. ಎರಡನೇ ವಾರ ಇದನ್ನೇ ನೊಮು (ಕುಡಿ) ಮೇಲೆ ಓಡಿಸಿ: ಮ, ಮಿ, ಮು, ಮೆ, ಮೋ, ಅದರ ತೆ ರೂಪ ನೊಂದೆ. ಆಮೇಲೆ ಮತ್ಸು (ಕಾಯಿ): ತ, ಚಿ, ತ್ಸು, ತೆ, ತೋ. ಕಉ (ಕೊಳ್ಳು) ಬಂದಾಗ ನಿಷೇಧ ‘ಕವನೈ’, ನಡುವೆ ‘ವ’ ಇಣುಕುತ್ತೆ. ಕಎರು (ಮನೆಗೆ ಮರಳು) ನೋಡೋಕೆ ಇಚಿದನ್ ಥರ, ಆದರೆ ಅದೂ ಗೊದನ್ನೇ: ಕಎರನೈ, ಕಎರಿಮಸು, ಕಎತ್ತೆ. ಕಎರುವಿನ ಈ ಮೂರು ರೂಪಗಳನ್ನು ವಾಕ್ಯದಲ್ಲಿಟ್ಟು ಬರೆದು ಇಲ್ಲೇ ಹಾಕಿ, ತಿದ್ದಿಕೊಡ್ತೀನಿ.