ಹಿಂದಿನ ಬ್ರೇಕ್ ಒತ್ತಿದಾಗ ಲೈಟ್ ತಡವಾಗಿ ಉರಿಯುತ್ತದೆ: ಕೆಟ್ಟಿರುವುದು ಸ್ವಿಚ್ಚೋ, ವೈರಿಂಗೋ?

ಪ್ರಶ್ನೆ (ಮಡಿಕೇರಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 150 ಸಿಸಿಯ ಬೈಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್. ಕೈಯ ಲಿವರ್ ಹಿಡಿದರೆ ಬ್ರೇಕ್ ಲೈಟ್ ಸರಿಯಾಗಿ ಉರಿಯುತ್ತದೆ. ಕಾಲಿನ ಪೆಡಲ್ ಒತ್ತಿದಾಗ ಮಾತ್ರ, ಬ್ರೇಕ್ ಹಿಡಿದು ಗಾಡಿ ನಿಧಾನವಾದ ಮೇಲೆ ಇನ್ನಷ್ಟು ಬಲವಾಗಿ ಅದುಮಿದರೆ ಹೊತ್ತಿಕೊಳ್ಳುತ್ತದೆ. ಮಳೆಯಲ್ಲಿ ಓಡಿಸಿದ ದಿನ ಅದೂ ಇಲ್ಲ. ಸರ್ವಿಸ್‌ನಲ್ಲಿ ಹಿಂದಿನ ಬ್ರೇಕ್ ಬಿಗಿ ಮಾಡಿಸಿದ ಮೇಲೆ ಈ ತೊಂದರೆ ಹೆಚ್ಚಾಗಿದೆ. ಬಲ್ಬ್ ಹೊಸದು. ವರ್ಕ್‌ಶಾಪ್‌ನವರು ವೈರಿಂಗ್ ಪೂರ್ತಿ ಬದಲಿಸಬೇಕೆನ್ನುತ್ತಾರೆ. ಸಂಪಾಜೆ ಘಾಟಿಯಲ್ಲಿ ಮಂಜು ಕವಿದಾಗ ಹಿಂದಿನ ಬಸ್ಸು, ಲಾರಿಯವರಿಗೆ ಕಾಣುವುದು ಆ ಕೆಂಪು ದೀಪವೊಂದೇ ಆದ್ದರಿಂದ ಇದನ್ನು ಹಾಗೆಯೇ ಬಿಡಲು ಮನಸ್ಸಿಲ್ಲ. ಅಷ್ಟು ಖರ್ಚು ಮಾಡುವ ಮೊದಲು ನಾನೇ ಪರೀಕ್ಷಿಸಿ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ (ಗೋಣಿಕೊಪ್ಪದಿಂದ)

ವೈರಿಂಗ್ ಬದಲಿಸುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬೈಕಿನಲ್ಲಿ ಬ್ರೇಕ್ ಲೈಟಿಗೆ ಎರಡು ಸ್ವಿಚ್‌ಗಳಿರುತ್ತವೆ: ಒಂದು ಕೈ ಲಿವರ್‌ನ ಬುಡದಲ್ಲಿ, ಇನ್ನೊಂದು ಬಲಗಾಲಿನ ಪೆಡಲ್ ಹತ್ತಿರ. ಎರಡಕ್ಕೂ ಕರೆಂಟ್ ಬರುವ ದಾರಿ ಒಂದೇ, ಹೋಗುವ ಬಲ್ಬೂ ಒಂದೇ. ಯಾವುದಾದರೂ ಒಂದು ಸೇರಿದರೆ ಲೈಟ್ ಉರಿಯಬೇಕು. ಕೈ ಬ್ರೇಕಿಗೆ ನಿಮ್ಮ ಲೈಟ್ ಸರಿಯಾಗಿ ಉರಿಯುತ್ತಿದೆ ಎಂದಮೇಲೆ ಫ್ಯೂಸ್, ಬಲ್ಬ್, ಹೋಲ್ಡರ್, ಅರ್ತ್ ಎಲ್ಲವೂ ಸರಿಯಾಗಿವೆ ಎಂದೇ ಅರ್ಥ. ಉಳಿಯುವುದು ಹಿಂದಿನ ಸ್ವಿಚ್, ಅದನ್ನು ಎಳೆಯುವ ಸ್ಪ್ರಿಂಗ್ ಮತ್ತು ಅದರಿಂದ ಹೊರಟ ಎರಡು ವೈರ್ ಮಾತ್ರ.

ಸ್ವಿಚ್‌ನ ವೈರ್ ಹಿಡಿದುಕೊಂಡು ಹೋದರೆ ಸೈಡ್ ಪ್ಯಾನೆಲ್ ಒಳಗೆ ಅಥವಾ ಫ್ರೇಮ್ ಪಕ್ಕದಲ್ಲಿ ಅದರ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಸಿಗುತ್ತದೆ. ಅದನ್ನು ಬಿಡಿಸಿ, ಕೀ ಆನ್ ಮಾಡಿ, ಗಾಡಿಯ ಕಡೆಯ ಎರಡು ತುದಿಗಳನ್ನು ಒಂದು ತುಂಡು ವೈರ್‌ನಿಂದ ಸೇರಿಸಿ. ಲೈಟ್ ಉರಿದರೆ ವೈರಿಂಗ್ ಚೆನ್ನಾಗಿದೆ, ದೋಷ ಸ್ವಿಚ್‌ನ ಕಡೆಯದು. ಉರಿಯದಿದ್ದರೆ ಕಪ್ಲರ್‌ನಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ವೈರ್ ಎಲ್ಲಾದರೂ ಒಳಗೊಳಗೇ ತುಂಡಾಗಿದೆಯೇ ಎಂದು ನೋಡಿ. ಒಂದು ಎಚ್ಚರಿಕೆ: ಕರೆಂಟ್ ಇರುವ ತುದಿ ಫ್ರೇಮಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ.

ಉತ್ತರ (ಸೋಮವಾರಪೇಟೆಯಿಂದ)

ಮೇಲಿನವರು ಹೇಳಿದ್ದು ಸರಿ. ಆದರೆ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಹಿಂದಿನ ಬ್ರೇಕ್ ಬಿಗಿ ಮಾಡಿದಾಗ ಪೆಡಲ್‌ನ ಪ್ಲೇ ಕಡಿಮೆಯಾಗುತ್ತದೆ, ಅಂದರೆ ಕಾಲು ಸ್ವಲ್ಪ ಒತ್ತಿದರೂ ಬ್ರೇಕ್ ಹಿಡಿಯುತ್ತದೆ. ಸ್ವಿಚ್ ಮಾತ್ರ ಮೊದಲಿದ್ದ ಜಾಗದಲ್ಲೇ ಕುಳಿತಿರುವುದರಿಂದ, ಸ್ಪ್ರಿಂಗ್ ಅದನ್ನು ಎಳೆಯುವಷ್ಟರಲ್ಲಿ ಬ್ರೇಕ್ ಹಿಡಿದಾಗಿರುತ್ತದೆ. ಬ್ರೇಕ್ ಬಿಗಿ ಮಾಡಿದವರು ಸ್ವಿಚ್ಚನ್ನೂ ಹೊಂದಿಸಿಯೇ ಗಾಡಿ ಕೊಡಬೇಕಿತ್ತು.

ಹೊಂದಿಸುವುದು ಸುಲಭ. ಸ್ವಿಚ್‌ನ ಮೈಯನ್ನು ಕೈಯಲ್ಲಿ ಅಲುಗಾಡದಂತೆ ಹಿಡಿದು, ಅದರ ಪ್ಲಾಸ್ಟಿಕ್ ನಟ್ ಅನ್ನು ಮಾತ್ರ ತಿರುಗಿಸಿ. ಮೈಯನ್ನೇ ತಿರುಗಿಸಿದರೆ ವೈರ್ ತಿರುಚಿಕೊಂಡು ಬುಡದಲ್ಲಿ ತುಂಡಾಗುತ್ತದೆ. ಸ್ವಿಚ್ ಪೆಡಲ್‌ನಿಂದ ದೂರಕ್ಕೆ, ಅಂದರೆ ಮೇಲಕ್ಕೆ ಸರಿದಂತೆ ಲೈಟ್ ಬೇಗ ಹೊತ್ತಿಕೊಳ್ಳುತ್ತದೆ. ಪೆಡಲ್‌ನ ಪ್ಲೇ ಮುಗಿದು ಬ್ರೇಕ್ ಹಿಡಿಯಲು ತೊಡಗುವುದಕ್ಕೆ ತುಸು ಮೊದಲು ಲೈಟ್ ಬಂದರೆ ಸಾಕು. ಅದಕ್ಕಿಂತಲೂ ಬಿಗಿಯಾದರೆ ಕಾಲು ತೆಗೆದ ಮೇಲೂ ಲೈಟ್ ಉರಿಯುತ್ತಲೇ ಇರುತ್ತದೆ, ಆಗ ಹಿಂದಿನವರಿಗೆ ನೀವು ಬ್ರೇಕ್ ಹಿಡಿದದ್ದೂ ಒಂದೇ, ಬಿಟ್ಟದ್ದೂ ಒಂದೇ. ಸಾಮಾನ್ಯ ಬಲ್ಬಿನೊಳಗೆ ಬ್ರೇಕ್ ಲೈಟಿಗಾಗಿ ಉರಿಯುವ ತಂತಿ 21 ವ್ಯಾಟ್‌ನದು. 12 ವೋಲ್ಟ್ ಬ್ಯಾಟರಿಯಿಂದ ಅದು 1.75 ಆಂಪಿಯರ್ ಎಳೆಯುವುದರಿಂದ ಬ್ಯಾಟರಿಗೂ ಸುಮ್ಮನೆ ಹೊರೆ.

ಮಳೆಯ ದಿನ ಪೂರ್ತಿ ನಿಲ್ಲುವುದಕ್ಕೆ ಮಾತ್ರ ಕಾರಣ ಬೇರೆ ಇರಬೇಕು. ಆ ಸ್ವಿಚ್ ಇರುವುದೇ ಚಕ್ರದ ಕೆಸರು ಎರಚುವ ಜಾಗದಲ್ಲಿ. ನಮ್ಮ ಎಸ್ಟೇಟ್ ರಸ್ತೆಗಳ ಕೆಮ್ಮಣ್ಣು ಸ್ಪ್ರಿಂಗಿನ ಸುರುಳಿಯೊಳಗೆ ಕುಳಿತರೆ ಅದು ಎಳೆಯುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಕಪ್ಲರ್‌ನಲ್ಲಿ ವೈರ್ ಸೇರಿಸಿದ ಕೂಡಲೇ ಲೈಟ್ ಉರಿಯಿತು. ಸ್ವಿಚ್ ಬಿಚ್ಚಿ ನೋಡಿದರೆ ಸ್ಪ್ರಿಂಗ್‌ನ ಕೊಕ್ಕೆ ತುಕ್ಕು ಹಿಡಿದು ತೆಳ್ಳಗಾಗಿತ್ತು, ರಬ್ಬರ್ ಕವಚ ಹರಿದಿತ್ತು, ಸ್ವಿಚ್‌ನ ಕಡ್ಡಿ ಒಳಗೆ ಸರಿಯಲು ತಡವರಿಸುತ್ತಿತ್ತು. ಅದಕ್ಕೆ ಎಣ್ಣೆ ಬಿಟ್ಟು ಮತ್ತೆ ಬಳಸಬಹುದೇ, ಹೊಸದನ್ನೇ ಹಾಕಬೇಕೇ? ಜೊತೆಗೆ ಎಲ್‌ಇಡಿ ಬಲ್ಬ್ ಹಾಕಿಸಿದರೆ ಒಳ್ಳೆಯದೇ?

ಉತ್ತರ (ವಿರಾಜಪೇಟೆಯಿಂದ)

ಹೊಸದನ್ನೇ ಹಾಕಿ. ಎಂಜಿನ್ ಆಯಿಲ್ ಬಿಟ್ಟರೆ ಕಡ್ಡಿ ಕೆಲವು ದಿನ ಸಲೀಸಾಗಿ ಆಡುತ್ತದೆ, ಆಮೇಲೆ ಆ ಎಣ್ಣೆಯೇ ದೂಳು ಹಿಡಿದು ಅಂಟಾಗುತ್ತದೆ. ಕವಚ ಹರಿದ ಸ್ವಿಚ್ಚನ್ನು ಎಷ್ಟು ತೊಳೆದರೂ ಅಷ್ಟೇ. ಆಷಾಢದ ಮಳೆಗೆ ಮತ್ತೆ ನೀರು ಒಳಗೆ ಹೋಗುತ್ತದೆ. ಸ್ವಿಚ್ ಬಲು ದುಬಾರಿ ವಸ್ತುವೇನಲ್ಲ; ಸ್ಪ್ರಿಂಗ್ ಸಹಿತ ಕೊಡಲು ಹೇಳಿ, ಕಪ್ಲರ್‌ನ ಪಿನ್‌ಗಳಿಗೆ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿ.

ಎಲ್‌ಇಡಿ ವಿಷಯದಲ್ಲಿ ಆತುರ ಬೇಡ. ಒದ್ದೆಯಾದ ಸ್ವಿಚ್‌ನಲ್ಲಿ ಸೋರುವ ಅಲ್ಪ ಕರೆಂಟ್‌ಗೆ ತಂತಿಯ ಬಲ್ಬ್ ಉರಿಯುವುದಿಲ್ಲ, ಆದರೆ ಎಲ್‌ಇಡಿ ಮಂದವಾಗಿ ಮಿನುಗಬಹುದು. ಮೊದಲು ಸ್ವಿಚ್ ಸರಿಯಾಗಲಿ.

ಇನ್ನೊಂದು ವಿಷಯ. ಘಾಟಿ ಇಳಿಯುವಾಗ ಗೇರ್‌ನಲ್ಲೇ ವೇಗ ತಗ್ಗಿಸುವುದು ಒಳ್ಳೆಯ ಅಭ್ಯಾಸ, ಆದರೆ ಆಗ ಎರಡು ಸ್ವಿಚ್‌ಗಳಲ್ಲಿ ಒಂದೂ ಸೇರುವುದಿಲ್ಲವಾದ್ದರಿಂದ ಹಿಂದಿನ ವಾಹನಕ್ಕೆ ನೀವು ನಿಧಾನವಾದದ್ದು ತಿಳಿಯುವುದಿಲ್ಲ. ಮಂಜಿದ್ದರೆ ಗೇರ್ ಇಳಿಸುವ ಜೊತೆಗೆ ಪೆಡಲನ್ನು, ಲೈಟ್ ಹೊತ್ತಿಕೊಳ್ಳುವಷ್ಟು ಮಾತ್ರ, ಒತ್ತಿ ಹಿಡಿಯಿರಿ. ಹೊಸ ಸ್ವಿಚ್ಚನ್ನು ಸೋಮವಾರಪೇಟೆಯವರು ಹೇಳಿದಂತೆ ಹೊಂದಿಸಿಕೊಂಡರೆ ಇದಕ್ಕೆ ಬ್ರೇಕ್ ಸವೆಯುವಷ್ಟು ಬಲವೇನೂ ಬೇಕಾಗುವುದಿಲ್ಲ.