ಕಾಮಿಕ್ಸ್ ಓದಿ ನಿಮ್ಮ ಬರವಣಿಗೆ ಬದಲಾಗಿದೆಯೇ?

ಪ್ರಶ್ನೆ: ಬಿಡುವಿನಲ್ಲಿ ಕಥೆ ಬರೆಯುತ್ತೇನೆ, ಹೊಟ್ಟೆಪಾಡಿಗೆ ಜಾಹೀರಾತು ಬರೆಯುತ್ತೇನೆ. ಎರಡಕ್ಕೂ ಬರುವ ಆಕ್ಷೇಪ ಒಂದೇ: ಎಲ್ಲವನ್ನೂ ಬಿಡಿಸಿ ಹೇಳುತ್ತೀರಿ. ಕಾಮಿಕ್ಸ್ ಓದಿ ನೋಡಿ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ಹಾಗೆ ಓದಿ ಪ್ರಯೋಜನ ಕಂಡವರು ಏನನ್ನು ಗಮನಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1: ಚೌಕಟ್ಟುಗಳ ನಡುವಿನ ಬಿಳಿ ಪಟ್ಟಿಯಿಂದ ಆರಂಭಿಸಿ. ಬಲ್ಲವರು ಅದನ್ನು ‘ಗಟರ್’ ಎನ್ನುತ್ತಾರೆ. ಒಂದು ಚೌಕಟ್ಟಿನಲ್ಲಿ ಮೇಜಿನ ಅಂಚಿಗೆ ಬಂದ ಗಾಜಿನ ಲೋಟ, ಮುಂದಿನದರಲ್ಲಿ ಬರಿಗಾಲಿನಲ್ಲಿ ಅಲುಗಾಡದೆ ನಿಂತ ಮಗು. ಲೋಟ ಬಿದ್ದದ್ದನ್ನು ಯಾರೂ ಬರೆದಿಲ್ಲ, ಬೀಳಿಸಿದವನು ಓದುಗ. ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಕುರಿತು ಕಾಮಿಕ್ಸ್ ರೂಪದಲ್ಲೇ ತಂದ ಪುಸ್ತಕದಲ್ಲಿ, ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ದಾಟುವ ಆರು ಬಗೆಗಳನ್ನು ವಿಂಗಡಿಸಿದ್ದಾರೆ. ಕ್ಷಣದಿಂದ ಕ್ಷಣಕ್ಕೆ ಸಾಗುವುದು ಅವುಗಳಲ್ಲಿ ಒಂದು, ದೃಶ್ಯದಿಂದ ದೃಶ್ಯಕ್ಕೆ ಜಿಗಿಯುವುದು ಮತ್ತೊಂದು. ಅದನ್ನು ಓದಿ ನನ್ನ ಕಥೆಗಳನ್ನು ತೆರೆದರೆ ಎಲ್ಲವೂ ಕ್ಷಣದಿಂದ ಕ್ಷಣಕ್ಕೆ ತೆವಳುತ್ತಿದ್ದವು: ಎದ್ದಳು, ಬಾಗಿಲ ಬಳಿ ಹೋದಳು, ಚಿಲಕ ತೆಗೆದಳು. ಈಗ ಅವಳು ಎದ್ದ ಮರುಸಾಲಿನಲ್ಲೇ ಬೀದಿಯಲ್ಲಿರುತ್ತಾಳೆ.

ಪ್ರಚಾರ ಬರಹದಲ್ಲೂ ಇದು ಕೆಲಸ ಮಾಡುತ್ತದೆ. ನೀರು ಒಳಹೋಗದ ಚೀಲವೊಂದಕ್ಕೆ ಬರೆಯುವಾಗ ಬಟ್ಟೆಯ ಗುಣಗಾನದ ಸಾಲುಗಳನ್ನೆಲ್ಲ ತೆಗೆದು ಎರಡು ದೃಶ್ಯ ಉಳಿಸಿದೆ: ತೊಯ್ದು ತೊಪ್ಪೆಯಾದ ಹುಡುಗಿ, ಅವಳ ಕೈಯಲ್ಲಿ ಗರಿಗರಿ ಹಾಳೆಯ ಪುಸ್ತಕ. ಆದರೆ ಎರಡು ದೃಶ್ಯಗಳ ನಡುವಿನ ಕಂದಕ ಓದುಗ ದಾಟುವಷ್ಟೇ ಅಗಲವಿರಬೇಕು. ಇನ್ನೊಂದು ಕೆಲಸದಲ್ಲಿ ಅತಿಯಾಗಿ ಕತ್ತರಿಸಿದ್ದೆ. ನಾವು ಮಾರುತ್ತಿರುವುದೇನು ಎಂಬುದೇ ಓದಿದವರಿಗೆ ತಿಳಿಯಲಿಲ್ಲ. ಆ ಗ್ರಾಹಕರ ನಿರಾಸೆ ನನಗೆ ಇಂದಿಗೂ ನೋವು ಕೊಡುತ್ತದೆ.

ಉತ್ತರ 2: ಚಿತ್ರ ಹೇಳಿದ್ದನ್ನೇ ಮಾತು ಮತ್ತೆ ಹೇಳಬಾರದು. ಪಾತ್ರದ ಮಾತು ಬರೆಯುವ ಬಲೂನಿನಲ್ಲಿ ‘ನನಗೇನೂ ಬೇಸರವಿಲ್ಲ’ ಎಂದಿರಲಿ, ಚಿತ್ರದಲ್ಲಿ ಮುಷ್ಟಿ ಬಿಗಿದಿರಲಿ. ಕಥೆಯ ಸಂಭಾಷಣೆಗೂ ಇದೇ ಮಾತು.

ಉತ್ತರ 3: ನಾನು ಕಲಿತದ್ದು ಪುಟದ ಕೊನೆಯ ಚೌಕಟ್ಟಿನಿಂದ. ಬೆಲ್ಜಿಯಂನ ಕಾಮಿಕ್ಸ್ ಕಲಾವಿದ ಹೆರ್ಜೆ 1929ರ ಜನವರಿಯಲ್ಲಿ ಟಿನ್‌ಟಿನ್ ಕಾಮಿಕ್ಸ್ ಆರಂಭಿಸಿದ್ದು ಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ, ವಾರಕ್ಕೆ ಎರಡೇ ಪುಟ. ಓದುಗ ಏಳು ದಿನ ಕಾಯಬೇಕೆಂದರೆ ಕೊನೆಯ ಚಿತ್ರ ಅವನನ್ನು ಹಿಡಿದಿಡಬೇಕು. ಪುಸ್ತಕವಾದರೆ ಬಲಪುಟದ ಕೊನೆಯಲ್ಲಿ ಪ್ರಶ್ನೆ, ಪುಟ ಮಗುಚಿದೊಡನೆ ಉತ್ತರ. ಗ್ರಾಹಕರಿಗೆ ಸರಣಿ ಇಮೇಲ್ ಬರೆಯುವಾಗ ನಾನು ಪ್ರತಿಯೊಂದನ್ನೂ ಗಂಟು ಹಾಕಿ ಮುಗಿಸುತ್ತಿದ್ದೆ, ಮುಂದಿನದಕ್ಕೆ ಕಾಯಲು ಕಾರಣವೇ ಇರುತ್ತಿರಲಿಲ್ಲ. ಈಗ ಒಂದು ಎಳೆ ಬಿಡುತ್ತೇನೆ, ಮರುವಾರ ಅದನ್ನು ತಪ್ಪದೆ ಹಿಡಿಯುತ್ತೇನೆ. ಕುತೂಹಲ ಕೆರಳಿಸಿ ಬರಿಗೈಯಲ್ಲಿ ಕಳಿಸುವುದು ಓದುಗನಿಗೆ ಬಗೆಯುವ ದ್ರೋಹ.

ಉತ್ತರ 4: ಒಂದು ಅಭ್ಯಾಸ. ಹಾಳೆಯ ಮೇಲೆ ಎಂಟು ಚೌಕ ಎಳೆಯಿರಿ, ನಿಮ್ಮ ಕಥೆಯನ್ನು ಅವುಗಳಲ್ಲಿ ತುಂಬಿಸಿ. ಕಡ್ಡಿಗೊಂಬೆಗಳು ಸಾಕು. ಬಿಡಿಸಲು ಏನೂ ಸಿಗದ ಚೌಕದಲ್ಲಿ ವಿವರಣೆ ಅಡಗಿ ಕುಳಿತಿರುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ನಿನ್ನೆ ರಾತ್ರಿಯೇ ಹಳೆಯ ಕಥೆಯೊಂದನ್ನು ಚೌಕಗಳಿಗೆ ಇಳಿಸಿದೆ. ಎಂಟರಲ್ಲಿ ಮೂರರಲ್ಲಿ ನಾಯಕಿ ಕಿಟಕಿಯ ಬಳಿ ನಿಂತು ಯೋಚಿಸುತ್ತಿದ್ದಾಳೆ. ಒಂದನ್ನು ಉಳಿಸಿಕೊಂಡಿದ್ದೇನೆ.